ಎಕ್ಕೆ ಗಿಡದ ಸವತಿ

ಕೆಲಸವಿಲ್ಲದೆ ಕೂತ ಗಂಡಸನ್ನು ಯಾರೂ ಏನೂ ಅನ್ನುವುದಿಲ್ಲ. ಊರಲ್ಲಿ ಕಟ್ಟೆ ಇರುವುದೇ ಅವನಿಗಾಗಿ. ಹೆಂಗಸು ಸುಮ್ಮನೆ ಕೂತರೆ ಮಾತ್ರ ಯಾರಿಗೂ ತಡೆಯುವುದಿಲ್ಲ. ನನ್ನ ಚಿಗವ್ವ ದುರುಗಮ್ಮ ಮಧ್ಯಾಹ್ನ ಆಡುಗಳು ನೆರಳಿಗೆ ಮಲಗಿದಾಗ ಬೇಲಿಯ ಪಕ್ಕ ಕೂತು ಹುಳ ನೋಡುತ್ತಿದ್ದಳು. ಅಷ್ಟಕ್ಕೇ ಅವಳಿಗೆ ಹುಳದ ದುರುಗಿ ಎಂದು ಹೆಸರು ಬಿತ್ತು. ಬಿಳಿಚೋಡಿನ ಸಂತೆಗೆ ಹೋದರೂ ಆ ಹೆಸರು ಅವಳಿಗಿಂತ ಮುಂಚೆ ಹೋಗಿ ನಿಂತಿರುತ್ತಿತ್ತು. ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಮನುಷ್ಯರ ಮುಖ ನೋಡೋದಕ್ಕಿಂತ ವಾಸಿ ಕಣೇ ಕೆಂಪಿ" ಎನ್ನುತ್ತಿದ್ದಳು. ಕೆಂಪಿ ಎಂದರೆ ನಾನು, ಕೆಂಪಕ್ಕ, ಅವಳ ಗಂಡ ಮೂಕಪ್ಪನ ಮೊದಲನೇ ಹೆಂಡತಿಯ ಮಗಳು.

ನನ್ನ ಹೆತ್ತವ್ವ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಆಗ ನನಗೆ ಮೂರು ವರ್ಷ, ಅವಳ ಮುಖ ನೆನಪಿಲ್ಲ. ಆಮೇಲೆ ಬಂದ ಕೊಲ್ಲಾಪುರಮ್ಮ ನನಗೆ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದಳು, ಅದು ನೆನಪಿದೆ. ಅವಳು ಮೊದಲ ಹೆರಿಗೆಯಲ್ಲೇ ಹೋದಳು, ಮಗುವೂ ಹೋಯಿತು. ಊರವರ ಬಾಯಿ ಗೊತ್ತಲ್ಲ. ಮೂಕಪ್ಪ ತಾಳಿ ಕಟ್ಟಿದರೆ ಹೆಣ್ಣು ಉಳಿಯುವುದಿಲ್ಲ, ಅವನ ಕೈ ಸುಡುಗಾಡಿನ ಕೈ ಎಂದು ಆಡಿಕೊಂಡರು. ಎದುರಿಗೆ ಸಿಕ್ಕರೆ ಹೆಣ್ಣು ಹೆತ್ತವರು ದಾರಿ ಬದಲಿಸುತ್ತಿದ್ದರು. ಅಪ್ಪ ಮೊದಲೇ ಮಾತು ಕಡಿಮೆಯವನು, ಆಮೇಲೆ ಹೆಸರಿಗೆ ತಕ್ಕಂತೆ ಆಗಿಬಿಟ್ಟ.

ಆಗ ನನ್ನಜ್ಜಿ ಅಜ್ಜಮ್ಮ ಸೆರಗು ಸಿಕ್ಕಿಸಿ ನಿಂತಳು. ಸೊಕ್ಕೆಯಲ್ಲಿ ದುರುಗಮ್ಮ ಎಂಬ ಹುಡುಗಿ ಇದ್ದಾಳೆ, ತಂದೆ ಇಲ್ಲ, ಬೆನ್ನಿಗೆ ತಂಗಿಯರ ಸಾಲೇ ಇದೆ ಎಂದು ಪತ್ತೆ ಹಚ್ಚಿದಳು. ಹೆಣ್ಣಿನ ಕಡೆಯವರು ಒಪ್ಪಿದರು, ಆದರೆ ಮೂರನೆಯವಳಾಗಿ ಮಾತ್ರ ಕೊಡುವುದಿಲ್ಲ ಎಂದರು. ನಮ್ಮ ಕಡೆ ಇದಕ್ಕೆ ಹಳೆಯ ದಾರಿಯೊಂದಿದೆ. ಇಬ್ಬರು ಹೆಂಡಿರನ್ನು ಕಳೆದುಕೊಂಡವನಿಗೆ ಮೂರನೇ ಮದುವೆಯನ್ನು ಎಕ್ಕೆ ಗಿಡದ ಜೊತೆ ಮಾಡುತ್ತಾರೆ. ತಾಳಿ ಕಟ್ಟಿಸಿ, ಆಮೇಲೆ ಗಿಡವನ್ನು ಕಡಿದು ಹಾಕುತ್ತಾರೆ. ಮೂರನೆಯವಳ ಸಾವು ಗಿಡಕ್ಕೆ ಹೋಯಿತು, ಇನ್ನು ಬರುವವಳು ನಾಲ್ಕನೆಯವಳು, ಅವಳಿಗೆ ಭಯವಿಲ್ಲ ಎಂದು ಅರ್ಥ.

ಎಪ್ಪತ್ನಾಲ್ಕನೇ ಇಸವಿಯ ಆ ಮದುವೆಯನ್ನು ನಾನು ಕಣ್ಣಾರೆ ನೋಡಿದೆ. ಹಳ್ಳದ ತಿರುವಿನಲ್ಲಿ, ಜಾಲಿ ಮರಗಳ ಹಿಂದೆ ಎದೆಯೆತ್ತರದ ಒಂದು ಎಕ್ಕೆ ಗಿಡ. ಅದಕ್ಕೆ ಹಸಿರು ಕುಪ್ಪಸದ ಕಣ ಸುತ್ತಿ, ಅರಿಶಿನ ಹಚ್ಚಿ, ಕೊಂಬೆಗೆ ಬಳೆ ತೊಡಿಸಿದರು. ನಮ್ಮ ಹಿರಿಯ ಚಿಕ್ಕಹನುಮಂತಪ್ಪ ಹೆಣ್ಣಿನ ತಂದೆಯಾಗಿ ನಿಂತು ಧಾರೆ ಎರೆದ. ಎಷ್ಟೋ ಮದುವೆ ಮಾಡಿಸಿದ ಬಾಯಿ ನೋಡಿ, ಅಭ್ಯಾಸಬಲದಿಂದ "ನನ್ನ ಮಗಳನ್ನ ಚೆನ್ನಾಗಿ ನೋಡ್ಕಳಪ್ಪ" ಎಂದುಬಿಟ್ಟ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಪ್ಪ ನಗಲಿಲ್ಲ. ಕರಿಮಣಿ ಪೋಣಿಸಿದ ಅರಿಶಿನದ ದಾರ ಕಟ್ಟಿದ. ಕಡಿಯುವುದನ್ನು ಯಾರೂ ನೋಡಬಾರದಂತೆ, ನಾವೆಲ್ಲ ತಿರುಗಿ ನೋಡದೆ ಊರಿಗೆ ಬಂದೆವು. ಸ್ವಲ್ಪ ಹೊತ್ತಿಗೆ ಅಪ್ಪನೂ ಬಂದ. ಕುಡುಗೋಲಿನ ತುಂಬ ಎಕ್ಕೆಯ ಬಿಳಿ ಹಾಲು. ಅಜ್ಜಿ ಅವನನ್ನು ಹಿತ್ತಲಲ್ಲಿ ಕೂರಿಸಿ, ಸಾವಾದ ಮನೆಯವರಿಗೆ ಎರೆದಂತೆ ತಲೆ ಮೇಲೆ ನೀರು ಸುರಿದಳು. ಮಾರನೇ ದಿನ ದುರುಗಮ್ಮ ನಮ್ಮ ಮನೆ ತುಂಬಿದಳು.

ಬಂದವಳು ನಗುಮುಖದವಳು. ನನ್ನನ್ನು ಮಲಮಗಳು ಎಂದು ದೂರ ಇಡುವ ವಯಸ್ಸೂ ಅವಳದಲ್ಲ, ಗುಣವೂ ಅಲ್ಲ. ಶಾಲೆ ಇಲ್ಲದ ದಿನ ಆಡಿನ ಹಿಂದೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಆಡು ಮಲಗಿದ ಮೇಲೆ ಅವಳ ಪಾಠ ಶುರು. ಎಕ್ಕೆ ಎಲೆಯ ಮೇಲಿನ ಪಟ್ಟೆ ಹುಳ ತೋರಿಸುತ್ತಿದ್ದಳು. ಕಪ್ಪು ಬಿಳುಪಿನ ಪಟ್ಟೆ, ನಡುನಡುವೆ ಹಳದಿ ಚುಕ್ಕೆ, ಮೈ ಮೇಲೆ ಕೋಡಿನ ಹಾಗೆ ಮೆತ್ತನೆಯ ಕುಚ್ಚುಗಳು. "ನೋಡು, ಕಳ್ಳ ಹೆಂಗೆ ಮೊದಲು ನರ ಕಡೀತಾನೆ. ಹಾಲೆಲ್ಲ ಸುರಿದು ಹೋಗಲಿ ಅಂತ. ಆಮ್ಯಾಲೆ ಅದರಾಚೆ ಎಲೆ ತಿಂತಾನೆ. ಇಲ್ದಿದ್ರೆ ಹಾಲು ಬಾಯಿಗೆ ಮೆತ್ತಿ ಸಾಯ್ತಾನೆ." ನಾನು ಎಲೆಗೆ ಮೂಗು ತಾಗಿಸಿ ನೋಡಿದರೆ ನಿಜವೇ. ಇಷ್ಟು ವರ್ಷ ಎಕ್ಕೆ ಗಿಡಗಳ ನಡುವೆಯೇ ಬೆಳೆದವಳು, ಒಂದು ದಿನವೂ ಕಂಡಿರಲಿಲ್ಲ. ಆ ಹುಳವೇ ಮುಂದೆ ಇಟ್ಟಿಗೆ ಬಣ್ಣದ ಪಾತರಗಿತ್ತಿ ಆಗುತ್ತದೆ ಎಂದು ಅವಳು ಹೇಳಿದಾಗ ನಾನು ನಂಬಲಿಲ್ಲ, ಜಗಳ ಆಡಿದೆ.

ಮನೆಯಲ್ಲಿ ಮಾತ್ರ ಆ ನಗು ಮುದುಡುತ್ತಿತ್ತು. ಅಪ್ಪ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಆದರೆ ಹತ್ತಿರ ಕೂರಲಿಲ್ಲ. ಅವಳು ತಟ್ಟೆ ಇಟ್ಟು ಆ ಕಡೆ ಹೋದ ಮೇಲೆ ಉಣ್ಣಲು ಬರುತ್ತಿದ್ದ. ಹೇಳುವುದಿದ್ದರೆ "ಕೆಂಪಿ, ನಿಮ್ಮ ಚಿಗವ್ವಗೆ ಹೇಳು" ಎಂದು ಅವಳೆದುರಿಗೇ ನನಗೆ ಹೇಳುತ್ತಿದ್ದ. ಬೇರೆ ಗಂಡಸರು ಸಂಜೆ ಜಗುಲಿಯ ಮೇಲೆ ಹೆಂಡತಿ ಸುಲಿದ ಶೇಂಗಾ ತಿನ್ನುತ್ತ ಹರಟುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಅಷ್ಟೇ, ಗಂಡ ಪಕ್ಕದಲ್ಲಿ ಕೂತು ಒಂದು ಮಾತಾಡುವುದು. ಬಸಿರಾಗುವುದಕ್ಕೆ ಮಾತು ಬೇಕಾಗಿಲ್ಲವಲ್ಲ, ಎಪ್ಪತ್ತೇಳರ ಮಳೆಗಾಲದ ಹೊತ್ತಿಗೆ ಅವಳು ಬಸುರಿಯಾದಳು. ಆಮೇಲೆ ಅಪ್ಪ ಇನ್ನೂ ದೂರವಾದ. ಅವನು ಮಲಗುವುದು ಕಣದ ಗುಡಿಸಲಿಗೆ ವರ್ಗವಾಯಿತು.

ಆ ಮಳೆಗಾಲದಲ್ಲೇ ಅವಳಿಗೆ ಅದು ಕಂಡದ್ದು. ಮಳೆ ಬಿಡುವು ಕೊಟ್ಟು ವಾರವಾಗಿದ್ದ ಒಂದು ಮಧ್ಯಾಹ್ನ, ಇಟ್ಟಿಗೆ ಬಣ್ಣದ ಪಾತರಗಿತ್ತಿಗಳು ಒಂದರ ಹಿಂದೆ ಒಂದು ಹಳ್ಳದ ತಿರುವಿನ ಕಡೆ ಹೋಗುತ್ತಿದ್ದವು. ಅಲ್ಲೇನಿದೆ ನೋಡೋಣ ಎಂದು ಅವಳು ಹೊರಟಳು, ಹಿಂದೆ ನಾನು. ಜಾಲಿ ಮರಗಳ ಹಿಂದೆ ಆಳೆತ್ತರದ ಎಕ್ಕೆ ಗಿಡ ನಿಂತಿತ್ತು. ಬೇರೆ ಗಿಡಗಳ ಎಲೆಯ ಮೇಲೆ ಧೂಳು ಅಂಟಿದ್ದರೆ ಇದರ ಎಲೆ ತೊಳೆದಿಟ್ಟಂತೆ ಇತ್ತು. ಚಿಗವ್ವ ಅದರ ಬುಡದಲ್ಲಿ ಕೂತು, ಹುಳದ ಗೂಡು ತೂಗಿದೆಯಾ ಎಂದು ಕೆಳಗಿನ ಎಲೆಗಳನ್ನು ಸರಿಸಿದಳು. ಗೂಡು ಇತ್ತು, ಕಿವಿಯ ಲೋಲಾಕಿನಷ್ಟು ದೊಡ್ಡದು. ಅದರ ಪಕ್ಕದಲ್ಲಿ ಕಾಂಡದ ತೊಗಟೆಯೊಳಗೆ ಒಂದು ದಾರ ಹೂತುಹೋಗಿತ್ತು. ದಾರದಲ್ಲಿ ಕರಿಮಣಿ.

"ನಿಮ್ಮಪ್ಪ ಕಡಿದ ಗಿಡ ಎಲ್ಲಿತ್ತು ಕೆಂಪಿ?"

"ಇಲ್ಲೇ ಚಿಗವ್ವ."

ಅವಳು ಎದ್ದು ನಿಲ್ಲಲು ಹೋಗಿ ಮತ್ತೆ ಕೂತಳು. ಹನ್ನೆರಡು ವರ್ಷದ ನನಗೂ ಅರ್ಥವಾಯಿತು. ಮೂರನೆಯವಳು ಸತ್ತಿಲ್ಲ. ಹಾಗಿದ್ದರೆ ಆ ಸಾವು ಚಿಗವ್ವನಿಗೇ ಕಾದಿದೆ. ಅವಳ ಕೈ ಹೊಟ್ಟೆಯ ಮೇಲಿತ್ತು. ನನಗೆ ಕೊಲ್ಲಾಪುರಮ್ಮನ ನೆನಪು ಬಂತು. ಇವಳೂ ಹೋದರೆ ನನಗೆ ಇನ್ನು ಯಾರೂ ಇಲ್ಲ ಎಂದು ಅಲ್ಲೇ ಅತ್ತುಬಿಟ್ಟೆ. "ಯಾರಿಗೂ ಹೇಳಬ್ಯಾಡ" ಎಂದಳು. ಅಜ್ಜಿಗೆ ತಿಳಿದರೆ ರಂಪ ಆಗುತ್ತದೆ, ಗಂಡನನ್ನು ಕೇಳಿದರೆ ಎಂಥ ಉತ್ತರ ಬರುತ್ತದೋ ಎಂಬ ಭಯ. ಕಡಿಯದೆ ಬಿಟ್ಟ ಎಂದರೆ ತಾನು ಸತ್ತರೂ ಅವನಿಗೆ ಚಿಂತೆಯಿಲ್ಲ ಎಂದೇ ಅಲ್ಲವಾ?

ಅಂದಿನಿಂದ ಚಿಗವ್ವ ಬೇರೆಯೇ ಹೆಂಗಸಾದಳು. ಗಿಡವನ್ನು ಅಕ್ಕ ಎಂದು ಕರೆಯತೊಡಗಿದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ದಿನ ಇಟ್ಟಿಗೆ ಬಣ್ಣದ ಪಾತರಗಿತ್ತಿಯೊಂದು ಅಂಗಳ ದಾಟಿ ಒಳಗೆ ಬಂದು, ತಂತಿಯ ಮೇಲೆ ಒಣಗಿದ್ದ ಅವಳ ಸೀರೆಯ ಮೇಲೆ ಕೂತಿತು. ರೆಕ್ಕೆ ಮುಚ್ಚಿತು, ಬಿಚ್ಚಿತು. "ಅಕ್ಕ ನೋಡಾಕೆ ಕಳಿಸ್ಯಾಳೆ" ಎಂದು ಪಿಸುಗುಟ್ಟಿದಳು. ಅದು ತಾನಾಗಿ ಹೋಗುವ ತನಕ ಒಲೆಯ ಮುಂದಿನಿಂದ ಅಲುಗಲಿಲ್ಲ, ಹೆಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಆ ಸೀರೆಯನ್ನು ಮತ್ತೆ ಉಡಲೂ ಇಲ್ಲ. ನಾನು ಇಷ್ಟಪಟ್ಟು ಹಿಂದೆ ಓಡುತ್ತಿದ್ದ ಪಾತರಗಿತ್ತಿಗಳನ್ನು ಕಂಡರೆ ಈಗ ನನಗೂ ಮೈ ಜುಮ್ಮೆನ್ನುತ್ತಿತ್ತು. ಹಗಲು ಬೆಳಕಿನಲ್ಲಿ ಭಯಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು.

ಗಿಡ ಕಡಿಯಲು ಅವಳಿಗೆ ಕೈ ಬರಲಿಲ್ಲ. ತಾಳಿ ಕಟ್ಟಿಸಿಕೊಂಡ ಇನ್ನೊಂದು ಹೆಣ್ಣನ್ನು ಬಸುರಿ ಕಡಿಯುವುದೇ? ಅದಕ್ಕೆ ಅವಳೊಂದು ಉಪಾಯ ಹುಡುಕಿದಳು. ಹುಳ ತಿಂದು ಗಿಡ ಸತ್ತರೆ ಯಾರ ಕೈಗೂ ಪಾಪ ಅಂಟುವುದಿಲ್ಲ. ಸುತ್ತಲಿನ ಎಕ್ಕೆ ಗಿಡಗಳಿಂದ ಪಟ್ಟೆ ಹುಳಗಳನ್ನು ಎಲೆಸಮೇತ ಚಿವುಟಿ ಮಡಿಲಿಗೆ ತುಂಬಿಕೊಂಡು, ಹಳ್ಳದ ತಿರುವಿಗೆ ತಂದು ಆ ಗಿಡದ ಮೇಲೆ ಬಿಡತೊಡಗಿದಳು. ನಾನೂ ಲಂಗದಲ್ಲಿ ತುಂಬಿ ತಂದೆ. ಎಷ್ಟು ಹುಳ ಎಂದರೆ, ಉಸಿರು ಹಿಡಿದು ಕೂತರೆ ಅವು ಎಲೆ ಕಡಿಯುವ ಸಣ್ಣ ಸದ್ದು ಕೇಳಿಸುತ್ತಿತ್ತು. ಅದನ್ನು ಕೇಳುತ್ತ ಚಿಗವ್ವನ ಮುಖ ಸಡಿಲವಾಗುತ್ತಿತ್ತು. "ತಿನ್ರಪ್ಪ, ತಿನ್ರಿ" ಎಂದು ಹೊಟ್ಟೆಯೊಳಗಿನ ಕೂಸಿಗೆ ಹೇಳಿದಂತೆ ಹೇಳುತ್ತಿದ್ದಳು.

ಮಾರನೇ ದಿನ ಹೋಗಿ ನೋಡಿದರೆ ಗಿಡದ ಮೇಲೆ ಒಂದು ಹುಳವೂ ಇರಲಿಲ್ಲ. ಹಕ್ಕಿ ತಿಂದಿರಬೇಕು ಎಂದೆ. "ಈ ಹುಳ ಹಕ್ಕಿ ಮುಟ್ಟಲ್ಲ, ಮೈಯೆಲ್ಲ ಎಕ್ಕೆ ವಿಷ" ಎಂದಳು. ಮತ್ತೆ ತಂದು ಬಿಟ್ಟೆವು. ಮತ್ತೆ ಮಾಯ. ಮಳೆಗಾಲ ಮುಗಿದು, ಬಿಸಿಲಿಗೆ ಸುತ್ತಲಿನ ನೆಲ ಬಿರಿದಿದ್ದರೂ ಗಿಡದ ಬುಡ ಹಸಿ. ಹುಳ ಕಡಿದ ಕಡೆಯೆಲ್ಲ ಹೊಸ ಚಿಗುರು ಬಂತು. ನಾವು ಹಾಕಿದಷ್ಟೂ ಅದು ದಪ್ಪವಾಯಿತು, ಚಿಗವ್ವ ಇಳಿದುಹೋದಳು. ಕೈಬಳೆಗಳು ಮೊಣಕೈ ತನಕ ಜಾರುತ್ತಿದ್ದವು. "ಅಕ್ಕ ಬಿಟ್ಟುಕೊಡಲ್ಲ ಕಣೆ. ನನ್ನ ಜೀವ ಕೇಳಾಕತ್ತಾಳೆ" ಎಂದಳು. ನಾನು ಇಲ್ಲ ಎನ್ನಲಿಲ್ಲ, ನನಗೂ ಹಾಗೇ ಅನಿಸಿತ್ತು. ಬಸುರಿಗೆ ಮೈ ಹತ್ತುತ್ತಿಲ್ಲ ಎಂದು ಅಜ್ಜಿ ಅವಳಿಗೆ ತುಪ್ಪ ಕುಡಿಸಿದ್ದೇ ಕುಡಿಸಿದ್ದು.

ಹೆರಿಗೆಗೆ ಸೊಕ್ಕೆಗೆ ಕರೆದೊಯ್ಯಲು ಅವಳ ತೌರಿನವರು ಬರುವ ದಿನ ಹತ್ತಿರ ಬಂತು. ಅದಕ್ಕೂ ಮುಂಚೆ ಒಂದು ಬೆಳಿಗ್ಗೆ, ಬೆಳಕು ಹರಿಯುತ್ತಿದ್ದಂತೆ ಚಿಗವ್ವ ನನ್ನನ್ನು ಎಬ್ಬಿಸಿದಳು. ಸೊಂಟದಲ್ಲಿ ಕುಡುಗೋಲು. "ಇವತ್ತು ಏನಾದ್ರೂ ಆಗಲಿ, ನಾನೇ ಮುಗಿಸ್ತೀನಿ." ಜಾಲಿಯ ಹತ್ತಿರ ಬಂದಾಗ ಅವಳು ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಗಿಡದ ಮುಂದೆ ಅಪ್ಪ ಕೂತಿದ್ದ. ಬುಡಕ್ಕೆ ಕೊಡದಿಂದ ನೀರು ಹಾಕಿದ. ಆಮೇಲೆ ಎಲೆ ಮಗುಚಿ ಮಗುಚಿ ಒಂದೊಂದೇ ಹುಳ ಬಿಡಿಸಿ ಹೆಗಲ ಮೇಲಿನ ವಲ್ಲಿಯಲ್ಲಿ ಹಾಕಿಕೊಂಡ. ಹಳ್ಳ ದಾಟಿ, ಆಚೆ ದಂಡೆಯ ಎಕ್ಕೆ ಗಿಡಗಳ ಮೇಲೆ ಅವನ್ನೆಲ್ಲ ಮೆಲ್ಲಗೆ ಬಿಟ್ಟು ಬಂದ. ಹೊಸಕಿ ಹಾಕಲಿಲ್ಲ. ನಾವು ಮಧ್ಯಾಹ್ನ ಹುಳ ಆರಿಸುತ್ತಿದ್ದದ್ದು ಅದೇ ಗಿಡಗಳಿಂದ. ಪಾಪದ ಹುಳಗಳು, ಗಂಡ ಹೆಂಡಿರ ನಡುವೆ ದಿನಾ ಹಳ್ಳ ದಾಟಿದ್ದವು.

ವಾಪಸ್ ಬಂದವನು ಮತ್ತೆ ಗಿಡದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಯಾವ ಆತುರವೂ ಇಲ್ಲದೆ ಕೂತ. ಅವನು ಹಾಗೆ ಕೂತದ್ದನ್ನು ನಮ್ಮ ಮನೆಯ ಯಾವ ಮೂಲೆಯಲ್ಲೂ ನಾನು ನೋಡಿರಲಿಲ್ಲ. ಚಿಗವ್ವ ಮರೆಯಿಂದ ಹೊರಗೆ ಬಂದಳು.

"ಕಡಿದೆ ಅಂದ್ರಲ್ರೀ."

ಅಪ್ಪ ಬೆಚ್ಚಿ ಎದ್ದ. ಕುಡುಗೋಲು ನೋಡಿದ, ಅವಳ ಹೊಟ್ಟೆ ನೋಡಿದ. "ಒಂದು ಕೊಂಬೆ ಕಡಿದೆ" ಎಂದ. ಅವನು ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಅದೇ ಇರಬೇಕು.

"ಯಾಕೆ? ನಾನು ಸಾಯಲಿ ಅಂತಾನಾ?"

"ನೀನು ಬದುಕಲಿ ಅಂತ." ಗಿಡದ ಕಡೆ ನೋಡಿದ. "ಇಬ್ಬರಿಗೆ ತಾಳಿ ಕಟ್ಟಿದೆ, ಇಬ್ಬರೂ ಹೋದ್ರು. ಇದಕ್ಕೂ ಕಟ್ಟಿದೆ. ಕಟ್ಟಿದ ಕೈಲೇ ಕಡಿದ್ರೆ ಊರವರು ಅನ್ನೋದು ಖರೇ ಆಗ್ತೈತಲ್ಲ. ನಾನು ಕಟ್ಟಿದ್ದು ಒಂದಾದ್ರೂ ಉಳೀಲಿ ಅಂತ ಬಿಟ್ಟೆ. ಇದು ಹಸರಾಗಿರೋ ಮಟ ನಿನಗೂ ಏನೂ ಆಗಲ್ಲ ಅಂತ ನನ್ನ ನಂಬಿಕೆ."

"ಇದು ಹಸರಾಗಿರೋ ಮಟ ನನಗೆ ಸಾವೇ ಗತಿ ಅಂತ ನಾನು ಒದ್ದಾಡಾಕತ್ತೀನಿ. ಒಂದು ಮಾತು ಹೇಳಾಕೆ ಏನಾಗಿತ್ರೀ ನಿಮಗೆ?"

"ಹೇಳಿದ್ರೆ ಹೆದರ್ತಿದ್ದಿ."

"ಹೇಳದೇ ಇದ್ದಿದ್ದಕ್ಕೆ ಹೆದರಿದ್ದು ಸಾಲದಾ? ಗಿಡದ ಪಕ್ಕ ಇಷ್ಟೊತ್ತು ಕುಂದ್ರುತೀರಿ. ನನ್ನ ಪಕ್ಕ ಒಂದು ದಿನ ಕುಂತೀರಾ?"

ಅಪ್ಪ ನನ್ನ ಕಡೆ ಕೈ ಮಾಡಿ ಹೇಳಿದ. "ಇವಳವ್ವನ ಪಕ್ಕ ದಿನಾ ಕುಂದ್ರುತಿದ್ದೆ. ಆಕೆ ಹೋದ್ಲು. ಇನ್ನು ಕುಂದ್ರಬಾರದು ಅಂದ್ಕಂಡಿದ್ದೆ, ಕೊಲ್ಲಾಪುರಿ ನಗಿಸಿ ನಗಿಸಿ ಹತ್ರ ಮಾಡ್ಕಂಡ್ಲು. ಆಕೆನೂ ಹೋದ್ಲು. ನಾನು ಹತ್ರ ಹೋದ್ರೆ ಅದಕ್ಕೆ ಗೊತ್ತಾಗ್ತೈತೆ ದುರುಗಿ. ದೂರ ಇದ್ರೆ ನೀನು ನನ್ನೋಳು ಅಂತ ಅದಕ್ಕೆ ತಿಳಿಯಲ್ಲ." ಅದು ಎಂದರೆ ಯಾವುದು ಎಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ಬೆಳಗಿನ ಎಳೆ ಬಿಸಿಲಿನಲ್ಲಿ ನನಗೆ ಚಳಿ ಹಿಡಿದಂತಾಯಿತು.

ಚಿಗವ್ವ ಕುಡುಗೋಲು ಕೆಳಗೆ ಬಿಟ್ಟಳು. "ನೀವು ನೀರು ಹಾಕಬ್ಯಾಡ್ರಿ, ನಾನು ಹುಳ ತರಲ್ಲ. ಅದರ ಪಾಡಿಗೆ ಅದು ಇರಲಿ. ಮನೆಗೆ ಬರ್ರಿ, ಜತೀಗೆ ಹೋಗಾಣ." ಅಪ್ಪ ತಲೆಯಾಡಿಸಿದ, ಕೊಡ ಎತ್ತಿಕೊಂಡ. ಆದರೆ ಊರು ಮುಟ್ಟುವ ತನಕ ನಮಗಿಂತ ಒಂದು ಕೂಗಳತೆ ಮುಂದೆಯೇ ನಡೆದ.

ಸೊಕ್ಕೆಯಲ್ಲಿ ಹೆರಿಗೆ ಕಷ್ಟವಾಯಿತು, ಆದರೆ ತಾಯಿ ಮಗಳು ಇಬ್ಬರೂ ಉಳಿದರು. ಅಪ್ಪ ಬಂದು ಅಂಗಳದಲ್ಲಿ ನಿಂತ. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ, "ಅದಾಳಾ?" ಎಂದ. ಒಳಗಿನಿಂದ ಅವಳೇ "ಅದೀನಿ, ಒಳಗೆ ಬರ್ರಿ" ಎಂದು ಕೂಗಿದಳು. ಅವನು ಹೊಸ್ತಿಲಿನ ಹೊರಗಿನಿಂದಲೇ ಅವಳ ಮುಖ ನೋಡಿ, ಕಣ್ಣು ಒರೆಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದ.

ಎಂಬತ್ತೊಂದರಲ್ಲಿ ಹಳ್ಳಕ್ಕೆ ಸೇತುವೆ ಕಟ್ಟಲು ಬಂದ ಕೂಲಿಯವರು ದಂಡೆ ಸವರಿದರು. ಜಾಲಿಯ ಜೊತೆ ಆ ಎಕ್ಕೆಯೂ ಬೇರುಸಮೇತ ಹೋಯಿತು. ಅವರಿಗೇನು ಗೊತ್ತು. ಸುದ್ದಿ ಕೇಳಿ ಚಿಗವ್ವ ಗಾಬರಿಯಾದಳು. ಹಳೇ ಲೆಕ್ಕದಲ್ಲಿ ಅವಳು ಗೆದ್ದ ದಿನ ಅದು. ಗಂಡನ ಲೆಕ್ಕದಲ್ಲಿ ಅವಳು ಹೋಗುವ ದಿನ. ಯಾವುದು ನಿಜವೋ ಗೊತ್ತಾಗದೆ ಚಾಪೆ ಹಾಸಿ, ಮಗಳನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದಳು. ನಾನು ತಲೆದೆಸೆಗೆ ಕೂತೆ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಏನೂ ಆಗಲಿಲ್ಲ. ಸಂಜೆ ಅವಳು ಎದ್ದು ಕೂತಳು. "ಸಾಯೋದಿದ್ರೆ ಇಷ್ಟೊತ್ತಿಗೆ ಸಾಯಬೇಕಿತ್ತು. ಹೊಟ್ಟೆ ಹಸಿದೈತೆ, ಹಿಟ್ಟು ಎಲ್ಲೈತೆ ನೋಡು" ಎಂದಳು. ಇಬ್ಬರೂ ನಕ್ಕೆವು, ನಗುತ್ತ ನಗುತ್ತ ಅವಳು ಅತ್ತಳು. ಅವಳ ಭಯ ಅವತ್ತಿಗೆ ಮುಗಿಯಿತು.

ಅಪ್ಪನದು ಮುಗಿಯಲಿಲ್ಲ. ಅವನಿಗಿದ್ದ ಒಂದೇ ಆಸರೆ ಕಿತ್ತುಹೋಗಿತ್ತು. ಹೊಲದಿಂದ ನಡುನಡುವೆ ಬಂದು, ಬೇಲಿಯಾಚೆ ನಿಂತು, ಅವಳು ಓಡಾಡುತ್ತಿದ್ದಾಳೆ ಎಂದು ನೋಡಿ ಹೋಗುತ್ತಿದ್ದ. ಮಧ್ಯಾಹ್ನ ಚಿಗವ್ವ ಮಗಳನ್ನು ಕಟ್ಟಿಕೊಂಡು ಮತ್ತೆ ಹುಳ ನೋಡಲು ಕೂತಾಗ ಅವನನ್ನೂ ಕರೆಯುತ್ತಿದ್ದಳು. "ಬರ್ರಿ ಇಲ್ಲಿ, ಪಾತರಗಿತ್ತಿ ಗೂಡು ಒಡೆದು ಬರಾಕತ್ತೈತೆ. ರೆಕ್ಕೆ ಇನ್ನೂ ಹಸಿ ಐತೆ. ಇಲ್ಲೇ ಕುಂದ್ರಿ." ಅವನು ಬರುತ್ತಿದ್ದ, ನೆರಳಿನ ಅಂಚಿಗೆ ಬಂದು ನಿಂತುಬಿಡುತ್ತಿದ್ದ. ಅವನು ನೋಡುತ್ತಿದ್ದದ್ದು ಪಾತರಗಿತ್ತಿಯನ್ನಲ್ಲ, ಅವಳನ್ನು. ಅವಳು ತಿರುಗಿದರೆ ಬೇರೆ ಕಡೆ ನೋಡುತ್ತಿದ್ದ. ನನಗೆ ಅವನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ, ಆದರೆ ಅಷ್ಟು ಅಂಜಿದವನನ್ನು ಬೈಯಲು ಬಾಯಿ ಬರುತ್ತಿರಲಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಅಪ್ಪನಿಗೆ ಕಾಮಾಲೆ ಹಿಡಿಯಿತು. ನಾಟಿ ಔಷಧ ಆಯಿತು, ಜಗಳೂರಿನ ಡಾಕ್ಟರ ಔಷಧವೂ ಆಯಿತು, ಇಳಿಯಲಿಲ್ಲ. ಚಿಗವ್ವ ಗಂಜಿ ಕುಡಿಸಲು ಹೋದರೆ ಮುಖವನ್ನು ಗೋಡೆಗೆ ತಿರುಗಿಸಿ, "ದೂರ ಇರು ದುರುಗಿ, ಈಗಂತೂ ದೂರ ಇರು" ಎನ್ನುತ್ತಿದ್ದ. ಅವಳು ಬಟ್ಟಲು ಇಟ್ಟು ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದಳು. ಅವಳಿಲ್ಲದಾಗ ನಾನು ಕುಡಿಸಿದರೆ ಕುಡಿಯುತ್ತಿದ್ದ. ಒಂದು ಮುಂಜಾನೆ ಅವಳು ಬಾಗಿಲಾಚೆ ನಿಂತಿದ್ದಾಗಲೇ ಹೋದ.

ನಮ್ಮ ಪದ್ಧತಿಯಂತೆ ಮೈ ತೊಳೆದು, ಹೊಸ ಪಂಚೆ ಉಡಿಸಿ, ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಚಿಗವ್ವನಿಗೆ ಹೂ ಮುಡಿಸಿ, ಕೈ ತುಂಬ ಬಳೆ ಹಾಕಿ ಅವನ ಪಕ್ಕದಲ್ಲಿ ಕೂರಿಸಿದರು. ಅವಳು ಅಳಲಿಲ್ಲ. ಅವನ ಭುಜಕ್ಕೆ ಭುಜ ತಾಗಿಸಿ, ಬೀದಿಯ ಕಡೆ ನೋಡುತ್ತ ಕೂತಳು. ಬಿಸಿಲು ಏರಿತು. ನೆಂಟರೆಲ್ಲ ಬಂದಾಗಿತ್ತು. ನಮ್ಮ ಓಣಿಯ ಮಾರಪ್ಪ ಬಂದು, "ಹೊತ್ತಾಯ್ತವ್ವ, ಎತ್ತಾಣಾ?" ಎಂದು ಕೇಳಿದ. ಅವಳು ಅಪ್ಪನ ತೋಳು ಹಿಡಿದುಕೊಂಡಳು.

"ಚೂರು ತಡೀರಪ್ಪ. ಈಗ ತಾನೆ ಜೋಡಿ ಕುಂತೀವಿ."